ರಕ್ತನಾಳ ಚಿಗುರಬೇಕು, ಆದರೆ ಎಲ್ಲಿ?

ಕೇಳುಗರಿಗೆ ನಮಸ್ಕಾರ.

ನಮ್ಮ ಕಣ್ಣಿನ ಮುಂಭಾಗದಲ್ಲಿ ಗಾಜಿನಂಥ ಒಂದು ಪೊರೆ ಇದೆ, ಕಾರ್ನಿಯಾ ಅಂತ. ಅದರೊಳಗೆ ಒಂದೂ ರಕ್ತನಾಳ ಇಲ್ಲ. ಇದ್ದಿದ್ದರೆ ನೋಟ ಮಂಜಾಗುತ್ತಿತ್ತು. ತಮಾಷೆ ಏನೆಂದರೆ, ನಾಳ ಬೆಳೆಸುವ ಪ್ರೋಟೀನು ಅಲ್ಲೂ ಇದೆ! ಅದನ್ನು ಹಿಡಿದು ಕಟ್ಟಿಹಾಕುವ ಇನ್ನೊಂದು ಪ್ರೋಟೀನು ಜೊತೆಗೇ ಇರುವುದರಿಂದ ಅದರ ಆಟ ನಡೆಯುವುದಿಲ್ಲ.

ಈ ನಾಳ ಬೆಳೆಸುವ ಪ್ರೋಟೀನಿಗೆ ವಿಇಜಿಎಫ್ ಎಂದು ಹೆಸರು. 1989ರಲ್ಲಿ ನೆಪೋಲಿಯೋನ್ ಫೆರಾರ ಅವರ ತಂಡ ಇದನ್ನು ಬೇರ್ಪಡಿಸಿತು. ಆಕ್ಸಿಜನ್ ಸಾಲದೆ ಉಸಿರುಗಟ್ಟಿದ ಜೀವಕೋಶಗಳು ಇದನ್ನು ಜಾಸ್ತಿ ಸುರಿಸುತ್ತವೆ. ಹತ್ತಿರದ ನಾಳದ ಒಳಗೋಡೆಯ ಕೋಶವೊಂದು ಅದರ ಜಾಡು ಹಿಡಿದು ಆ ಕಡೆ ಚಿಗುರುತ್ತದೆ. ಅಕ್ಕಪಕ್ಕದ ಕೋಶಗಳಿಗೆ, 'ನೀವು ಮುನ್ನುಗ್ಗಬೇಡಿ, ನನ್ನ ಹಿಂದೆ ಬನ್ನಿ' ಎಂದು ಸುಳಿವೂ ಕೊಡುತ್ತದೆ. ಎಲ್ಲವೂ ಒಟ್ಟಿಗೆ ನುಗ್ಗಿದರೆ ನಾಳ ಅಲ್ಲ, ಬರೀ ಗೋಜಲು.

ಕ್ಯಾನ್ಸರ್ ಗಡ್ಡೆಯೂ ಇದೇ ದಾರಿ ಹಿಡಿಯುತ್ತದೆ. ಹೊಸ ನಾಳ ಸಿಗದಿದ್ದರೆ ಗಡ್ಡೆ ಒಂದೆರಡು ಮಿಲಿಮೀಟರು ದಾಟಿ ಬೆಳೆಯುವುದು ಕಷ್ಟ. ನಾಳವನ್ನೇ ತಡೆದರೆ ಹೇಗೆ ಎಂದು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲೇ ಕೇಳಿದ್ದರು. ಹೆಚ್ಚಿನವರು ನಂಬಲಿಲ್ಲ. ವಿಇಜಿಎಫ್ ತಡೆಯುವ ಬೆವಾಸಿಜುಮ್ಯಾಬ್ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2004ರಲ್ಲಿ.

ತಡೆಯುವುದು ಹೀಗಾಯಿತು. ಬೆಳೆಸುವುದು? ಹೃದಯಕ್ಕೆ ರಕ್ತ ಸಾಲದವರಿಗೆ ವಿಇಜಿಎಫ್ ಹರಿಸಿದರೆ ಆಯಿತು, ಅಲ್ವಾ? ಹಾಗೆ ಮಾಡಿಯೂ ನೋಡಿದರು. 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 60ನೇ ದಿನಕ್ಕೆ ನೋಡಿದರೆ, ಔಷಧಿಯಿಲ್ಲದ ಹುಸಿ ದ್ರವ ಪಡೆದವರಿಗೂ ವಿಇಜಿಎಫ್ ಪಡೆದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ರಕ್ತಕ್ಕೆ ಬಿಟ್ಟ ಪ್ರೋಟೀನು ಬಹಳ ಹೊತ್ತು ಉಳಿಯುವುದಿಲ್ಲ. ಇನ್ನೊಂದು ತೊಡಕೂ ಇದೆ. ಇದೊಂದನ್ನೇ ಜಾಸ್ತಿ ಕೊಟ್ಟರೆ ಹುಟ್ಟುವ ನಾಳಗಳು ಸೋರುತ್ತವೆ. ಹಾಗೆ ನೋಡಿದರೆ 1983ರಲ್ಲಿ ಈ ಪ್ರೋಟೀನು ಮೊದಲು ಕಣ್ಣಿಗೆ ಬಿದ್ದದ್ದೇ 'ನಾಳ ಸೋರಿಸುವ ಅಂಶ' ಎಂದು!

ನನಗೆ ತುಂಬ ಹಿಡಿಸಿದ ಉಪಾಯ ಮುಂದಿನದು. 2001ರಲ್ಲಿ ಒಂದು ತಂಡ ಸ್ಪಂಜಿನಂಥ ಪಾಲಿಮರಿನಲ್ಲಿ ಎರಡು ಪ್ರೋಟೀನು ತುಂಬಿತು. ವಿಇಜಿಎಫ್ ಬೇಗ ಹೊರಬರುತ್ತದೆ, ನಾಳ ಚಿಗುರುತ್ತದೆ. ಪಿಡಿಜಿಎಫ್ ಎಂಬ ಎರಡನೆಯ ಪ್ರೋಟೀನು ನಿಧಾನವಾಗಿ ಹೊರಬಂದು ಆಸರೆ ಕೋಶಗಳನ್ನು ಕರೆಯುತ್ತದೆ. ಅವು ಎಳೆಯ ನಾಳವನ್ನು ಹೊರಗಿನಿಂದ ಅಪ್ಪಿ ಹಿಡಿಯುತ್ತವೆ. ಪ್ರಾಣಿಗಳಲ್ಲಿ ಹೀಗೆ ಬೆಳೆದ ನಾಳಗಳು, ಒಂದೇ ಪ್ರೋಟೀನು ಕೊಟ್ಟಾಗ ಬಂದವುಗಳಿಗಿಂತ ದಪ್ಪಗಿದ್ದವು, ಚೆನ್ನಾಗಿ ಬಲಿತಿದ್ದವು.

ನಮಸ್ಕಾರ.