ಅಂಡಮಾನಿನಲ್ಲಿ ಕೋಣೆ ಹುಡುಕಿದ್ದು ಕೋಲಾರದ ಲೆಕ್ಕದಲ್ಲಿ

ನಮಸ್ಕಾರ. ಪರದೆಯ ಮೇಲೆ ಕಾಣುತ್ತಿರುವುದು ಅಂಡಮಾನಿನ ಸ್ವರಾಜ್ ದ್ವೀಪದ ವಿಜಯನಗರ ಕಡಲತೀರ. ಹುಣ್ಣಿಮೆಯ ಮರುದಿನ, ಬೆಳಗಿನ ಹೊತ್ತು. ತೆಂಗಿನ ಬುಡದವರೆಗೂ ನೀಲಿ ನೀರು. ಈಗ ಇದೇ ಜಾಗವನ್ನು ಮಧ್ಯಾಹ್ನ ಮೂರರ ಮೇಲೆ ತೋರಿಸುತ್ತೇನೆ. ನೋಡಿ, ನೀರೇ ಇಲ್ಲ. ಕಲ್ಲು, ಸತ್ತ ಹವಳ, ಪಾಚಿ, ಒಂದು ಪಕ್ಕಕ್ಕೆ ವಾಲಿಕೊಂಡು ಕುಳಿತ ದೋಣಿ. ಸಮುದ್ರ ಅಷ್ಟು ದೂರ ಸರಿದಿದೆ. ಸಮುದ್ರಕ್ಕೆ ಎದುರಿನ ಕೋಣೆ ಬೇಕೆಂದು ಹೆಚ್ಚು ಬಾಡಿಗೆ ಕೊಟ್ಟವರು ಈ ಹೊತ್ತಿನಲ್ಲಿ ಜಗಲಿಯಲ್ಲಿ ಕುಳಿತು ಈ ಕಲ್ಲುಗಳನ್ನು ನೋಡುತ್ತಿದ್ದಾರೆ. ನಾವು ಕೊಡಲಿಲ್ಲ. ಯಾಕೆ ಕೊಡಲಿಲ್ಲ, ಆ ಹಣದಲ್ಲಿ ಏನು ತಿಂದೆವು ಎಂಬುದೇ ಈ ವಿಡಿಯೊ.

ಹೋದವರು ನಾವು ನಾಲ್ವರು. ನಾನು, ನಮ್ಮವರು, ಮಗಳು, ಅತ್ತೆ. ಅತ್ತೆಯ ತವರು ಮುಳಬಾಗಿಲು. ಮನೆಯೊಳಗೆ ತೆಲುಗು, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಕೋಲಾರದ ಮನೆಯಲ್ಲಿ ನಾನು ಮೊಬೈಲಿನಲ್ಲಿ ಹೋಟೆಲುಗಳಿಗೆ ಫೋನು ಮಾಡುತ್ತಿದ್ದಾಗ ಅವರು ಅವರೆಕಾಯಿ ಸುಲಿಯುತ್ತಿದ್ದರು. ನಾನು ಈಜುಕೊಳ ಇದೆಯೇ, ಕಿಟಕಿಯಿಂದ ಸಮುದ್ರ ಕಾಣುತ್ತದೆಯೇ ಎಂದು ಕೇಳುತ್ತಿದ್ದರೆ ಅವರು ತಲೆ ಎತ್ತದೆ, "ಬಚ್ಚಲಿಗೆ ನೀರು ಎಲ್ಲಿಂದ ಬರುತ್ತದೆ, ಅದನ್ನು ಮೊದಲು ಕೇಳಮ್ಮ" ಎಂದರು.

ಕೋಲಾರದವರಿಗೆ ಇದನ್ನು ವಿವರಿಸಬೇಕಿಲ್ಲ. ಸಾವಿರ ಅಡಿ ಕೊರೆದರೂ ದೂಳು ಹಾರುವ ಕೊಳವೆಬಾವಿಗಳನ್ನು ನೋಡಿದವರು ನಾವು. ಸಿಕ್ಕ ನೀರಿನಲ್ಲಿ ಫ್ಲೋರೈಡ್. 2018ರಲ್ಲಿ ಕೆ.ಸಿ. ವ್ಯಾಲಿಯ ನೀರು ಲಕ್ಷ್ಮೀಸಾಗರದ ಕೆರೆಗೆ ಹರಿದಾಗ, ಅದು ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರೆಂದು ಗೊತ್ತಿದ್ದೂ ಜನ ನೋಡಲು ಹೋಗಿದ್ದರು. ಹಾಗಿರುವಾಗ ನಾಲ್ಕೂ ಕಡೆ ನೀರಿರುವ ಊರಿಗೆ ಹೊರಟವರಿಗೆ ನೀರಿನ ಚಿಂತೆ ಯಾಕೆ ಎಂದು ನಮ್ಮವರು ನಕ್ಕರು. ಅತ್ತೆ ನಗಲಿಲ್ಲ.

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಅಂಡಮಾನಿನಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ, ನಮ್ಮ ಜಿಲ್ಲೆಯ ನಾಲ್ಕು ಪಾಲು. ಆದರೆ ದ್ವೀಪ ಚಿಕ್ಕದು, ಗುಡ್ಡಗಳ ಇಳಿಜಾರು ಕಡಿದು, ದೊಡ್ಡ ನದಿಗಳಿಲ್ಲ. ಬಿದ್ದ ಮಳೆಯಲ್ಲಿ ಬಹುಪಾಲು ನೇರ ಸಮುದ್ರಕ್ಕೆ. ರಾಜಧಾನಿ ಶ್ರೀ ವಿಜಯಪುರಕ್ಕೆ ನೀರು ಕೊಡುವುದು ಧನಿಖಾರಿ ಅಣೆಕಟ್ಟೆ. ಬೇಸಿಗೆಯಲ್ಲಿ ಅದು ತಗ್ಗಿದರೆ ನಗರಕ್ಕೆ ದಿನ ಬಿಟ್ಟು ದಿನ ನೀರು ಬಿಡುವುದುಂಟು. ಚಿಕ್ಕ ದ್ವೀಪಗಳಲ್ಲಿ ಬಾವಿ, ಮಳೆನೀರಿನ ತೊಟ್ಟಿ, ಟ್ಯಾಂಕರ್. ಆದ್ದರಿಂದ ಜನವರಿ ಕಳೆದ ಮೇಲೆ ಹೋಗುವವರು ಹೋಟೆಲಿನ ಬಗ್ಗೆ ಜನ ಬರೆದಿರುವ ಅಭಿಪ್ರಾಯಗಳಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗಿನವನ್ನು ಮಾತ್ರ ಓದಿ. ಐದು ನಕ್ಷತ್ರ ಕೊಟ್ಟವರನ್ನು ಬಿಟ್ಟುಬಿಡಿ. ಎರಡು ನಕ್ಷತ್ರ ಕೊಟ್ಟವರು ಬಕೆಟ್ಟಿನ ವಿಷಯ ಎತ್ತಿದ್ದರೆ ಮುಂದಿನ ಹೋಟೆಲಿಗೆ ಹೋಗಿ. ನಾನು ಫೋನಿನಲ್ಲಿ ಕೇಳಿದಾಗ ಒಬ್ಬ ವ್ಯವಸ್ಥಾಪಕರು, "ಮೇಡಂ, ನಮ್ಮಲ್ಲಿ ಈಜುಕೊಳವೇ ಇದೆ" ಎಂದರು. ಅದು ಉತ್ತರವಲ್ಲ. ಇನ್ನೊಬ್ಬರು, ಬಾವಿ ಇದೆ, ಬೇಸಿಗೆಯಲ್ಲಿ ನೀರು ಸ್ವಲ್ಪ ಉಪ್ಪಾಗುತ್ತದೆ, ಕುಡಿಯಲು ಬೇರೆ ಕೊಡುತ್ತೇವೆ ಎಂದರು. ಅಲ್ಲೇ ಮುಂಗಡ ಕಳುಹಿಸಿದೆ. ನಿಜ ಹೇಳುವವರ ಕೋಣೆಯಲ್ಲಿ ಸೊಳ್ಳೆಪರದೆಯೂ ಇರುತ್ತದೆ ಎಂಬುದು ನನ್ನ ನಂಬಿಕೆ. ಇತ್ತು.

ಇನ್ನು ಹೆಸರುಗಳ ವಿಷಯ. ಹ್ಯಾವ್‌ಲಾಕ್ 2018ರ ಡಿಸೆಂಬರಿನಲ್ಲಿ ಸ್ವರಾಜ್ ದ್ವೀಪವಾಯಿತು, ನೀಲ್ ದ್ವೀಪ ಶಹೀದ್ ದ್ವೀಪವಾಯಿತು. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರ. ಆಟೋದವರ ಬಾಯಲ್ಲಿ ಹಳೆಯ ಹೆಸರುಗಳೇ ಇವೆ. ಟಿಕೆಟ್ ತೆಗೆಯುವಾಗ ಎರಡೂ ನೆನಪಿರಲಿ, ಅಷ್ಟೇ.

ಸ್ವರಾಜ್ ದ್ವೀಪದಲ್ಲಿ ಎಲ್ಲಿ ಉಳಿಯುವುದು? ಇಲ್ಲಿನ ಊರುಗಳ ಹೆಸರು ಕೇಳಿದರೆ ಯಾವುದೋ ಬಡಾವಣೆಯ ಬಸ್ ನಿಲ್ದಾಣಗಳನ್ನು ಓದಿದ ಹಾಗಿರುತ್ತದೆ: ಗೋವಿಂದನಗರ, ವಿಜಯನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ. ದೇಶ ಇಬ್ಭಾಗವಾದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಇಲ್ಲಿ ನೆಲ ಕೊಟ್ಟು ನೆಲೆ ಮಾಡಿಸಿದರು. ಕೃಷ್ಣನ ಹೆಸರುಗಳೂ, ಊಟದಲ್ಲಿ ಸಾಸಿವೆ ಎಣ್ಣೆಯ ಘಾಟೂ ಒಟ್ಟಿಗೇ ಬಂದವು. ಕಡಲತೀರಗಳಿಗೆ ಸಂಖ್ಯೆಗಳೂ ಇವೆ. ಗೋವಿಂದನಗರದ್ದು ಮೂರು, ವಿಜಯನಗರದ್ದು ಐದು, ರಾಧಾನಗರದ್ದು ಏಳು.

ರಾಧಾನಗರ ಎಲ್ಲರಿಗೂ ಗೊತ್ತು. 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ, ಸಿಕ್ಕ ತೀರ. ಪಶ್ಚಿಮ ದಿಕ್ಕಿನಲ್ಲಿದೆ, ಬಿಳಿ ಮರಳು, ಹಿಂದೆ ಎತ್ತರದ ಕಾಡು, ಸೂರ್ಯಾಸ್ತ. ನೀರಿಗೆ ಇಳಿಯಲು ಇದೇ ಒಳ್ಳೆಯದು, ಕಲ್ಲಿಲ್ಲ. ಹಾಗಾದರೆ ಅಲ್ಲೇ ಯಾಕೆ ಉಳಿಯಬಾರದು? ಜೆಟ್ಟಿಯಿಂದ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ, ಕತ್ತಲಾದ ಮೇಲೆ ಊಟದ ಅಂಗಡಿಗಳು ಕಡಿಮೆ. ಉಳಿದರೆ ದೊಡ್ಡ ರೆಸಾರ್ಟಿನಲ್ಲಿ ಉಳಿದು ಅಲ್ಲೇ ಮೂರು ಹೊತ್ತೂ ತಿನ್ನಬೇಕು. ಹೊಸದಾಗಿ ಮದುವೆಯಾದವರಿಗೆ ಸರಿ. ಸಂಜೆ ಏಳಕ್ಕೆ ಅನ್ನ ಕೇಳುವ ಮಗು ಮತ್ತು ಸೋಮವಾರ, ಶನಿವಾರ ಮಾಂಸ ಮುಟ್ಟದ ಅತ್ತೆ ಜೊತೆಗಿದ್ದರೆ ಆ ಲೆಕ್ಕ ಕೂಡುವುದಿಲ್ಲ.

ಕತ್ತಲೆ ಎಂದೆನಲ್ಲ, ಅದನ್ನು ಸ್ವಲ್ಪ ಗಮನಿಸಿ. ಕೋಲಾರ 78 ಡಿಗ್ರಿ ರೇಖಾಂಶದಲ್ಲಿದೆ, ಶ್ರೀ ವಿಜಯಪುರ 93ರ ಹತ್ತಿರ. ಗಡಿಯಾರ ಮಾತ್ರ ಎರಡಕ್ಕೂ ಒಂದೇ. ಹದಿನೈದು ಡಿಗ್ರಿಗೆ ಒಂದು ಗಂಟೆ ಎಂದು ಶಾಲೆಯಲ್ಲಿ ಉರು ಹೊಡೆದದ್ದು ಇಲ್ಲಿ ಕಣ್ಣೆದುರು ಬರುತ್ತದೆ. ಡಿಸೆಂಬರಿನಲ್ಲಿ ಸಂಜೆ ಐದರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಆರಕ್ಕೆ ಪೂರ್ತಿ ರಾತ್ರಿ. ನಮ್ಮ ಊರಿನಲ್ಲಿ ಕಾಫಿ ಕುಡಿಯುವ ಹೊತ್ತಿಗೆ ಇಲ್ಲಿ ಊಟದ ಜಾಗ ಹುಡುಕಬೇಕು. ರಸ್ತೆಯಲ್ಲಿ ಬೀದಿದೀಪಗಳು ಅಲ್ಲೊಂದು ಇಲ್ಲೊಂದು. ವಿದ್ಯುತ್ತು ಹೆಚ್ಚಾಗಿ ಡೀಸೆಲ್ ಜನರೇಟರುಗಳಿಂದಲೇ ಬರಬೇಕು. ಹಾಗಾಗಿ ನಾನು ನಕ್ಷೆಯಲ್ಲಿ ಮೊದಲು ಊಟದ ಮನೆಗಳನ್ನು ಗುರುತು ಮಾಡಿಕೊಂಡೆ, ಆಮೇಲೆ ಅವುಗಳಿಂದ ನಡೆದು ಹೋಗುವಷ್ಟು ದೂರದಲ್ಲಿ ಕೋಣೆ ಹುಡುಕಿದೆ. ಗೋವಿಂದನಗರದ ಮಾರುಕಟ್ಟೆಗೂ ವಿಜಯನಗರಕ್ಕೂ ನಡುವೆ, ರಸ್ತೆಯ ಆಚೆ ಬದಿ, ಅಡಿಕೆ ತೋಟದೊಳಗೆ ಒಂದು ಸಾಧಾರಣ ಮನೆ. ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ. ರಸ್ತೆ ದಾಟಿದರೆ ಸಮುದ್ರ. ರಾಧಾನಗರಕ್ಕೆ ಮಧ್ಯಾಹ್ನ ಆಟೋದಲ್ಲಿ ಹೋಗಿ, ಸೂರ್ಯ ಮುಳುಗಿದ ಕೂಡಲೇ ಅದೇ ಆಟೋದಲ್ಲಿ ವಾಪಸು. ಹೋಗುವಾಗಲೇ ಬರುವ ಬಾಡಿಗೆಯನ್ನೂ ಮಾತಾಡಿಕೊಳ್ಳಿ, ಏಕೆಂದರೆ ಕತ್ತಲಲ್ಲಿ ಚೌಕಾಸಿ ನಡೆಯುವುದಿಲ್ಲ.

ಮೊದಲು ತೋರಿಸಿದ ಆ ಕಲ್ಲುಗಳ ಕಥೆ ಇದು. ವಿಜಯನಗರದ ಕಡೆ, ಅಂದರೆ ಪೂರ್ವ ತೀರದಲ್ಲಿ, ನೆಲ ಸಪಾಟು. ಇಳಿತ ಬಂದಾಗ ನೀರು ಬಹಳ ದೂರ ಹಿಂದೆ ಹೋಗುತ್ತದೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಇದನ್ನು ಅತ್ತೆಗೆ ಹೇಳುವುದು ಸುಲಭವಾಯಿತು, ಏಕೆಂದರೆ ಅವರು ದಿನ ಎಣಿಸುವುದೇ ತಿಥಿಯಲ್ಲಿ. ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತ ಉಬ್ಬರವೂ ಜೋರು, ಇಳಿತವೂ ಜೋರು. ಅಷ್ಟಮಿಯ ಸುತ್ತ ಎರಡೂ ಸಾಧಾರಣ. ಹೋಟೆಲಿನವರು ಹಾಕುವ ಚಿತ್ರಗಳೆಲ್ಲ ಉಬ್ಬರದಲ್ಲಿ ತೆಗೆದವು. ತಂಗಿದ್ದವರು ಮೊಬೈಲಿನಲ್ಲಿ ತೆಗೆದು ಹಾಕಿದ ಚಿತ್ರಗಳಲ್ಲಿ ಇಳಿತವೂ ಸಿಗುತ್ತದೆ, ಅವನ್ನು ನೋಡಿ ಬಾಡಿಗೆ ಮಾತಾಡಿ. ಇಳಿತವೇ ಬೇಕಾಗುವ ಜಾಗವೂ ಒಂದಿದೆ. ಶಹೀದ್ ದ್ವೀಪದಲ್ಲಿ ಸಮುದ್ರ ಕೊರೆದ ಕಲ್ಲಿನ ಸೇತುವೆಯವರೆಗೆ ನಡೆದು ಹೋಗುವುದು ನೀರು ಇಳಿದಾಗ ಮಾತ್ರ. ಬಂಡೆಗಳ ನಡುವಿನ ಗುಂಡಿಗಳಲ್ಲಿ ಏಡಿ, ಸಣ್ಣ ಮೀನುಗಳನ್ನು ನೋಡುತ್ತ ಮಗಳು ಅಲ್ಲಿಂದ ಏಳಲೇ ಇಲ್ಲ. ಚಿಪ್ಪು, ಹವಳ ಏನನ್ನೂ ಜೇಬಿಗೆ ಹಾಕಿಕೊಳ್ಳಬೇಡಿ, ಅದು ನಿಷಿದ್ಧ, ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆ ಮಾಡುತ್ತಾರೆ.

ಈಗ ಊಟ. ನನಗೆ ಇದೇ ಮುಖ್ಯ ಭಾಗ.

ದ್ವೀಪದಲ್ಲಿ ಎರಡು ಬಗೆಯ ಅಡುಗೆಮನೆಗಳಿವೆ. ಒಂದು, ಬಣ್ಣದ ದೀಪ ಕಟ್ಟಿ ಪಿಜ್ಜಾದಿಂದ ಪನ್ನೀರಿನವರೆಗೆ ಎಲ್ಲವನ್ನೂ ಪಟ್ಟಿಯಲ್ಲಿ ಇಟ್ಟುಕೊಂಡವು. ಇನ್ನೊಂದು, ಮಾರುಕಟ್ಟೆಯ ಸುತ್ತ ತಗಡಿನ ಸೂರಿನ ಬಂಗಾಳಿ ಊಟದ ಮನೆಗಳು. ಅಲ್ಲಿ ಪಟ್ಟಿಯೇ ಇಲ್ಲ. ಅನ್ನ, ಬೇಳೆ, ಒಂದು ಪಲ್ಯ, ಬೇಕಾದರೆ ಮೀನು. ಎರಡನೆಯದಕ್ಕೆ ಹೋಗಿ, ಮಧ್ಯಾಹ್ನ ಹನ್ನೆರಡೂವರೆಯ ಒಳಗೆ ಹೋಗಿ. ಅನ್ನ ಬಿಸಿಯಿರುತ್ತದೆ, ಮೀನಿನ ಒಳ್ಳೆಯ ತುಂಡುಗಳು ಮುಗಿದಿರುವುದಿಲ್ಲ. ಈ ದೃಶ್ಯದಲ್ಲಿ ನಮ್ಮವರು ಅನ್ನದ ಮೂರನೆಯ ಬಡಿಸುವಿಕೆಯಲ್ಲಿದ್ದಾರೆ. ಕೆರೆಯ ರೋಹು, ಕಾಟ್ಲಾ ತಿಂದು ಬೆಳೆದವರು, ಇಲ್ಲಿನ ಸುರ್ಮಾಯಿಗೆ ಮುಳ್ಳೇ ಇಲ್ಲವಲ್ಲ ಎಂದು ಅನುಮಾನಪಟ್ಟು, ಆಮೇಲೆ ಅನುಮಾನ ಬಿಟ್ಟರು.

ಬೆಂಕಿಯಲ್ಲಿ ಸುಟ್ಟು ಕೊಡುವ ಇಡೀ ಮೀನು, ಏಡಿ, ಸಿಗಡಿಯನ್ನು ತೂಕದ ಮೇಲೆ ಮಾರುತ್ತಾರೆ. ಕೋಲಾರದ ಮಂಡಿಯಲ್ಲಿ ಟೊಮೆಟೊ ಹರಾಜು ನೋಡಿದವರಿಗೆ ಇಲ್ಲಿ ಭಯವೇನಿಲ್ಲ. ಮೀನನ್ನು ಹೊರಗೆ ತರಿಸಿ ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಕಣ್ಣು ಉಬ್ಬಿ ತಿಳಿಯಾಗಿರಬೇಕು. ನಿಮ್ಮ ಎದುರಿಗೇ ತೂಗಲಿ, ಒಟ್ಟು ಬೆಲೆ ಹೇಳಲಿ, ಆಮೇಲೆ ಬೆಂಕಿಗೆ ಹೋಗಲಿ.

ಟೊಮೆಟೊ ಎಂದಾಗ ನೆನಪಾಯಿತು. ಊಟಕ್ಕೆ ಈರುಳ್ಳಿ, ಟೊಮೆಟೊ ಹೆಚ್ಚಿದ್ದನ್ನು ಕೇಳಿದರೆ ಬಿಲ್ಲಿನಲ್ಲಿ ಬೇರೆಯಾಗಿ ಬರುತ್ತದೆ. ಅತ್ತೆಗೆ ಇದು ಅನ್ಯಾಯವೆನಿಸಿತು. ಬೆಲೆ ಬಿದ್ದಾಗ ರಸ್ತೆಗೆ ಸುರಿಯುವ ಹಣ್ಣಿಗೆ ಇಲ್ಲಿ ಹೋಳಿನ ಲೆಕ್ಕದಲ್ಲಿ ದುಡ್ಡೇ ಎಂದರು. ಆದರೆ ಈರುಳ್ಳಿ, ಆಲೂಗಡ್ಡೆಯಂಥವು ಇಲ್ಲಿಗೆ ಬರುವುದು ಚೆನ್ನೈ, ಕೋಲ್ಕತ್ತ, ವಿಶಾಖಪಟ್ಟಣದಿಂದ ಹಡಗಿನಲ್ಲಿ. ಹಾಳಾದದ್ದು, ಸಾಗಿಸಿದ್ದು ಎಲ್ಲ ಸೇರಿ ಬೆಲೆ. ಅದಕ್ಕೇ ಸಸ್ಯಾಹಾರ ಇಲ್ಲಿ ಅಗ್ಗವೆಂದುಕೊಂಡು ಬರಬೇಡಿ. ತರಕಾರಿ ಹಸಿರಾಗಿ ಬೇಕಿದ್ದರೆ ಶಹೀದ್ ದ್ವೀಪದಲ್ಲಿ ತಿನ್ನಿ. ಸುತ್ತಲ ದ್ವೀಪಗಳಿಗೆ ತರಕಾರಿ ಬೆಳೆದು ಕೊಡುವುದೇ ಅದು. ಸೋಮವಾರ ನಾವು ಅಲ್ಲಿರುವಂತೆ ದಿನಗಳನ್ನು ಹೊಂದಿಸಿದ್ದೆ. ಬಾಳೆಹೂವಿನ ಪಲ್ಯ, ಕುಂಬಳಕಾಯಿ, ಬೇಳೆ. ಸಾಸಿವೆ ಎಣ್ಣೆ ಬೇಡವೆಂದು ಮೊದಲೇ ಹೇಳಿದರೆ ಬೇರೆ ಎಣ್ಣೆಯಲ್ಲಿ ಮಾಡಿಕೊಟ್ಟರು. ಮೀನಿನ ಸೌಟು ಬೇರೆಯೇ ಎಂಬುದನ್ನು ಅತ್ತೆ ಅಡುಗೆಮನೆಗೇ ಹೋಗಿ ನೋಡಿ ಬಂದರು. ಅವರ ಚೀಲದಲ್ಲಿ ರಾಗಿ ಹುರಿಹಿಟ್ಟಿನ ಡಬ್ಬಿಯೂ ಇತ್ತು, ಆ ವಿಷಯ ಬೇರೆ.

ದುಡ್ಡು ಕೊಡುವುದು ಹೇಗೆ ಎಂದು ಕೇಳುತ್ತೀರಿ. 2020ರ ಆಗಸ್ಟಿನಲ್ಲಿ ಚೆನ್ನೈಯಿಂದ ಸಮುದ್ರದಡಿ ಹಾಕಿದ ಕೇಬಲ್ ಬಂದ ಮೇಲೆ ಮೊಬೈಲಿನಲ್ಲಿ ಹಣ ಕಳುಹಿಸುವುದು ಸುಲಭವಾಗಿದೆ. ಆದರೂ ತಗಡಿನ ಸೂರಿನ ಕೆಳಗೆ ಸಿಗ್ನಲ್ ಬರುವುದೂ ಹೋಗುವುದೂ ನಡೆದೇ ಇರುತ್ತದೆ. ನೋಟು ಇಟ್ಟುಕೊಳ್ಳಿ.

ಉಳಿದದ್ದು ಕೊನೆಯ ರಾತ್ರಿ. ಇದರಲ್ಲಿ ಮಾತ್ರ ನನ್ನ ಹಟ ಬಿಡುವುದಿಲ್ಲ. ವಿಮಾನಕ್ಕೆ ಹಿಂದಿನ ರಾತ್ರಿ ಶ್ರೀ ವಿಜಯಪುರದಲ್ಲೇ ಇರಬೇಕು. ಸ್ವರಾಜ್ ದ್ವೀಪದಿಂದ ಖಾಸಗಿ ಹಡಗಿನಲ್ಲಿ ಒಂದೂವರೆ ಗಂಟೆ, ಸರ್ಕಾರಿ ಹಡಗಿನಲ್ಲಿ ಇನ್ನೂ ಹೆಚ್ಚು. ಗಾಳಿ ಎದ್ದರೆ ಎರಡೂ ಹೊರಡುವುದಿಲ್ಲ, ವಿಮಾನ ಮಾತ್ರ ಕಾಯುವುದಿಲ್ಲ. ಅಬರ್ಡೀನ್ ಬಜಾರಿನ ಹತ್ತಿರ ಕೋಣೆ ಹಿಡಿಯಿರಿ. ಸೆಲ್ಯುಲರ್ ಜೈಲು ಹತ್ತಿರ, ತಮಿಳರ, ತೆಲುಗರ ಅಂಗಡಿಗಳು ಸಾಲಾಗಿವೆ, ಇಡ್ಲಿ ದೋಸೆಗೆ ಕೊರತೆಯಿಲ್ಲ. ಮುಳಬಾಗಿಲು ದೋಸೆ ತಿಂದವರು ಇಲ್ಲಿನದನ್ನು ಹೋಲಿಸಲು ಹೋಗಬೇಡಿ, ಹಸಿವಿಗೆ ತಿನ್ನಿ.

ಅಲ್ಲಿನ ಒಂದು ಮೆಸ್ಸಿನ ಒಡತಿಯ ಹಿರಿಯರು ಶ್ರೀಕಾಕುಳದವರು. ಅತ್ತೆ ತೆಲುಗಿನಲ್ಲಿ ಶುರು ಮಾಡಿದರು. ಮೊದಲು ಊರು, ಆಮೇಲೆ ಮಕ್ಕಳು, ಆಮೇಲೆ ನೀರು ವಾರಕ್ಕೆ ಎಷ್ಟು ಸಲ ಬಿಡುತ್ತಾರೆ ಎಂಬುದು. ಆಕೆ ಹಿತ್ತಲಿಗೆ ಕರೆದುಕೊಂಡು ಹೋಗಿ ಸಾಲಾಗಿ ಇಟ್ಟ ನೀಲಿ ಡ್ರಮ್ಮುಗಳನ್ನು ತೋರಿಸಿದರು. ನಮ್ಮ ಮನೆಯ ಹಿಂದೆ ಇರುವವೂ ಅಂಥವೇ. ಬೆಳಗ್ಗೆ ಆರಕ್ಕೆ ಪೊಂಗಲ್ ಸಿದ್ಧವಿರುತ್ತದೆ, ತಿಂದೇ ಹೋಗಬೇಕು ಎಂದರು ಆಕೆ. ವಿಮಾನ ನಿಲ್ದಾಣಕ್ಕೆ ಆಟೋ ಹೇಳಿದ್ದು ಏಳಕ್ಕೆ. ಅದನ್ನು ಏಳೂಕಾಲಕ್ಕೆ ಮಾಡಿಸಿದೆವು. ಹಡಗಿನ ವೇಳೆ, ಕೋಣೆ ಮತ್ತು ಊಟದ ಖರ್ಚನ್ನು ಕೆಳಗೆ ವಿವರಣೆಯಲ್ಲಿ ಹಾಕಿದ್ದೇನೆ, ಟೊಮೆಟೊ ಹೋಳಿನ ಬೆಲೆಯನ್ನೂ ಸೇರಿಸಿ.