ತಡಿಯಂಡಮೋಳ್ ಹುಲ್ಲಿನಲ್ಲಿ ಒಂದು ಸೀನು

ಕೊಡಗಿನ ನಾಲ್ಕುನಾಡು ಅರಮನೆಯ ಕಡೆಯಿಂದ ಜೊತೆಗೇ ಬಂದ ಕಾಡು ಇಲ್ಲಿಗೆ ಮುಗಿಯಿತು. ಇನ್ನು 1,748 ಮೀಟರ್ ಎತ್ತರದ ತಡಿಯಂಡಮೋಳ್ ನೆತ್ತಿಯವರೆಗೂ ಹುಲ್ಲೇ ಹುಲ್ಲು. ಬೆಟ್ಟದ ಮಡಿಕೆಗಳಲ್ಲಿ ಮಾತ್ರ ಶೋಲಾ ಎಂಬ ಗಿಡ್ಡ ನಿತ್ಯಹಸಿರು ಕಾಡು ಅವಿತು ಕುಳಿತಿದೆ. ಇದನ್ನು ಬೋಳುಗುಡ್ಡ ಎಂದುಕೊಂಡು, ನಾಲ್ಕು ಮರ ನೆಡಬಾರದೇ ಎನ್ನುವವರಿದ್ದಾರೆ. ಅವರು ಒಮ್ಮೆ ಇಲ್ಲಿ ಮಂಡಿಯೂರಿ ನೋಡಬೇಕು.

ಈ ತೆನೆಯನ್ನು ನೋಡಿ. ಎಸಳಿಲ್ಲ, ಮಕರಂದವಿಲ್ಲ. ಕೂದಲೆಳೆಯಷ್ಟು ಸಣ್ಣ ದಾರದ ತುದಿಯಲ್ಲಿ ಕೇಸರಗಳು ತೂಗಾಡುತ್ತಿವೆ. ಬೆರಳಿನಿಂದ ತಟ್ಟಿದರೆ ಪರಾಗದ ಹಳದಿ ಪುಡಿ ಹಾರುತ್ತದೆ. ಜೇನ್ನೊಣವನ್ನು ಕರೆಯುವ ಗೋಜಿಲ್ಲ, ಎಲ್ಲವೂ ಗಾಳಿಯ ಪಾಲು. ಆ ಪಾಲಿನಲ್ಲಿ ಸ್ವಲ್ಪ ನಮ್ಮ ಮೂಗಿಗೂ ಸೇರುತ್ತದೆ. ಹಿಂದಿನಿಂದ ಕೇಳಿಸಿದ ಸೀನು ನನ್ನ ಗೆಳೆಯನದು!

ಇಂಗ್ಲಿಷರು ‘ಹೇ ಫೀವರ್’ ಎಂದು ಕರೆದದ್ದು ಇದನ್ನೇ. ಜ್ವರವೂ ಇಲ್ಲ, ಒಣಹುಲ್ಲಿನ ತಪ್ಪೂ ಇಲ್ಲ. 1819ರಲ್ಲಿ ಜಾನ್ ಬೊಸ್ಟಾಕ್ ಎಂಬ ವೈದ್ಯ ಈ ಕಾಯಿಲೆಯನ್ನು ವಿವರಿಸಿದ, ರೋಗಿಯೂ ಅವನೇ. ಪರಾಗವೇ ಕಾರಣ ಎಂದು ಚಾರ್ಲ್ಸ್ ಬ್ಲ್ಯಾಕ್ಲಿ ತನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದ್ದು 1873ರಲ್ಲಿ. ಈಗ ಡಾಕ್ಟರು ಚೀಟಿಯಲ್ಲಿ ‘ಅಲರ್ಜಿಕ್ ರೈನೈಟಿಸ್’ ಎಂದು ಬರೆಯುತ್ತಾರೆ. ಪರಾಗವನ್ನು ಶತ್ರುವೆಂದು ಬಗೆದ ದೇಹ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಸುರಿಸುತ್ತದೆ. ಮೂಗು ಸೋರುವುದು, ಕಣ್ಣು ತುರಿಸುವುದು ಅದರಿಂದಲೇ.

ಇಳಿಯುವಾಗ ಪೊದೆಯ ಮೇಲೆ ಅಗ್ನಿಶಿಖೆ ಹೂ ಸಿಕ್ಕಿತು. ಬುಡದಲ್ಲಿ ಹಳದಿ, ಮೇಲೆ ಕೆಂಪು, ಅಂಚೆಲ್ಲ ಸುಕ್ಕು. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿದಿದೆ. ಯುರೋಪಿನ ಹುಲ್ಲುಗಾವಲುಗಳ ಕಾಲ್ಚಿಕಮ್ ಗಿಡದಲ್ಲಿರುವ ಕಾಲ್ಚಿಸಿನ್ ಎಂಬ ರಾಸಾಯನಿಕ ಇದರಲ್ಲೂ ಇದೆ. ಗೌಟ್ ಎಂಬ ಕೀಲುನೋವಿಗೆ ಅದು ಒಳ್ಳೆಯ ಔಷಧ. ಆದರೆ ಔಷಧದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ. ಇದರ ಗೆಡ್ಡೆ ತಿಂದು ಸತ್ತವರಿದ್ದಾರೆ. ಮೊಬೈಲ್‌ನಲ್ಲಿ ನೋಡಿದ ಮನೆಮದ್ದನ್ನು ನಂಬಿ ಇದನ್ನು ಅಗೆಯಲು ಹೋಗಬೇಡಿ. ಫೋಟೊ ತೆಗೆದುಕೊಳ್ಳಿ, ಸಾಕು.

ತೋಟದ ಅಂಚಿಗೆ ಬಂದರೆ ಮದ್ದುಸೊಪ್ಪು. ಕಕ್ಕಡ ಪದಿನೆಟ್ಟ್, ಅಂದರೆ ಕಕ್ಕಡ ತಿಂಗಳ ಹದಿನೆಂಟನೇ ದಿನವಾದ ಆಗಸ್ಟ್ 3ರಂದು, ಕೊಡವರ ಮನೆಗಳಲ್ಲಿ ಇದರ ರಸದಿಂದ ಪಾಯಸ ಮಾಡುತ್ತಾರೆ. ಸೊಪ್ಪು ಕುದಿಸಿದ ನೀರು ನೇರಳೆಗೆ ತಿರುಗುತ್ತದೆ, ಉಂಡವರ ಮೂತ್ರ ಕೆಂಪಗಾಗುತ್ತದೆ. ಹೊಸಬರಿಗೆ ಗಾಬರಿ, ಮನೆಯವರಿಗೆ ನಗು. ಮೂತ್ರದಲ್ಲಿ ರಕ್ತ ಹೋದರೆ ವೈದ್ಯರು ‘ಹೆಮಟೂರಿಯ’ ಎನ್ನುತ್ತಾರೆ. ಇದು ಬರೀ ಬಣ್ಣ. ಆ ವಾರ ಮೂತ್ರ ಪರೀಕ್ಷೆ ಇದ್ದರೆ ಪಾಯಸದ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳಿಬಿಡಿ. ಪಾಯಸ ತಿನ್ನದೆಯೂ ಕೆಂಪಾದರೆ ಮಾತ್ರ ತಡಮಾಡದೆ ಹೋಗಿ ತೋರಿಸಿ.