ಗೋವನ್‌ನ ಹಾರ್ಮೋನಿಯಂ ಕವಿ, ಮತ್ತು ನಮ್ಮನೆ ಮೆಟ್ಟಿಲು

ನಮಸ್ಕಾರ ಎಲ್ಲರಿಗೂ. ಈ ವಿಡಿಯೋದಲ್ಲಿ ಕೆಳಗೆ ಹರಿಯುತ್ತಿರುವುದು ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನ ಕ್ಲೈಡ್ ನದಿ. ಈ ಸೇತುವೆ 2024ರಲ್ಲಿ ತೆರೆದದ್ದು, ಒಂದು ದಡದ ಪಾರ್ಟಿಕ್ ಬಡಾವಣೆಯಿಂದ ಇನ್ನೊಂದು ದಡದ ಗೋವನ್‌ಗೆ. ನಡೆಯುವವರಿಗೆ, ಸೈಕಲ್‌ನವರಿಗೆ ಮಾತ್ರ. ಗಾಳಿ ಸಿಕ್ಕಾಪಟ್ಟೆ ಇತ್ತು, ಮೈಕ್‌ನಲ್ಲಿ ಬರೀ ಬರ್ರ್ ಅಂತ ಶಬ್ದ. ಅದನ್ನು ತೆಗೆದುಹಾಕಿ ಮನೆಯಲ್ಲಿ ಕೂತು ಮಾತಾಡುತ್ತಿದ್ದೇನೆ.

ಇವತ್ತು ಐವರ್ ಕಟ್ಲರ್ ಬಗ್ಗೆ. ಕವಿ. ತಮ್ಮ ಹಾಡು ತಾವೇ ಬರೆದು, ಹಾರ್ಮೋನಿಯಂ ಮುಂದೆ ಕೂತು ಮೆಲ್ಲಗೆ ಹಾಡುತ್ತಿದ್ದವರು. ಹುಟ್ಟಿದ್ದು 1923ರ ಜನವರಿ 15ರಂದು, ಇದೇ ಗೋವನ್‌ನಲ್ಲಿ. ಪೂರ್ವ ಯುರೋಪಿನಿಂದ ಬಂದ ಯಹೂದಿ ಮನೆತನ. ಹುಟ್ಟಿದ ಮನೆಗೂ ಐಬ್ರಾಕ್ಸ್ ಫುಟ್ಬಾಲ್ ಮೈದಾನಕ್ಕೂ ಕೂಗಳತೆ ದೂರ. ಕೂಗಳತೆ ಅಂತ ಸುಮ್ನೆ ಹೇಳುತ್ತಿಲ್ಲ. ಇವತ್ತು ಮ್ಯಾಚ್ ಇದೆ, ಆ ಗಲಾಟೆ ಇಲ್ಲಿಗೇ ಕೇಳುತ್ತಿದೆ.

ಇಂಥ ಜಾಗದಲ್ಲಿ ಹುಟ್ಟಿದ ಮನುಷ್ಯನಿಗೆ ಶಬ್ದ ಕಂಡರೆ ಆಗುತ್ತಿರಲಿಲ್ಲ. ಗದ್ದಲ ಕಡಿಮೆ ಮಾಡಿಸಲು ಅಂತಲೇ ಇರುವ ಸಂಘದ ಸದಸ್ಯರಾಗಿದ್ದರು. ಕಾರ್ಯಕ್ರಮಕ್ಕೆ ಬಂದವರಿಗೆ ಚಪ್ಪಾಳೆ ಅರ್ಧ ಸದ್ದಿನಲ್ಲಿ ತಟ್ಟಿ ಅನ್ನುತ್ತಿದ್ದರು. ಜನ ಹಾಗೇ ತಟ್ಟುತ್ತಿದ್ದರು ಕೂಡ.

ಇದನ್ನು ಕೇಳಿದ ಕೂಡಲೇ "ವಿಚಿತ್ರ ಮನುಷ್ಯ" ಅಂತ ಮಾತು ಮುಗಿಸಿಬಿಡುತ್ತಾರೆ. ನನಗೆ ಸಿಟ್ಟು ಬರುವುದೇ ಅಲ್ಲಿ. ವಿಚಿತ್ರ ಅಂದುಬಿಟ್ಟರೆ ಆಮೇಲೆ ಕವಿತೆ ಓದಬೇಕಾಗಿಲ್ಲ ನೋಡಿ. ಟೋಪಿ, ದೊಗಳೆ ಚಡ್ಡಿ, ಲಂಡನ್ ರಸ್ತೆಯಲ್ಲಿ ಸೈಕಲ್, ಅಷ್ಟೇ ನೆನಪಿಟ್ಟುಕೊಳ್ಳುತ್ತಾರೆ. ಅವರು ದಿನಾ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತಿದ್ದರು ಅಂತ ಯಾರೂ ಕೇಳುವುದಿಲ್ಲ. ಶಾಲೆಗೆ ಹೋಗುತ್ತಿದ್ದರು. ಮೇಷ್ಟ್ರು ಅವರು.

ಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ವಾಯುಪಡೆ ಸೇರಿದ್ದರು. ವಿಮಾನಕ್ಕೆ ದಾರಿ ಲೆಕ್ಕ ಹಾಕುವ ಕೆಲಸದ ತರಬೇತಿ. ಕನಸು ಕಾಣುವುದು ಜಾಸ್ತಿಯಾಯಿತು ಅಂತ ಅಲ್ಲಿಂದ ಕಳಿಸಿದರು. ಆಮೇಲೆ ಪಾಠ ಹೇಳುವ ಕೆಲಸ. ಆಗ ಸ್ಕಾಟ್ಲೆಂಡಿನ ಶಾಲೆಗಳಲ್ಲಿ ಮಕ್ಕಳ ಅಂಗೈಗೆ ದಪ್ಪ ಚರ್ಮದ ಪಟ್ಟಿಯಲ್ಲಿ ಬಾರಿಸುತ್ತಿದ್ದರು. ಟಾಸ್ ಅಂತ ಕರೆಯುತ್ತಿದ್ದರು ಅದನ್ನು. ಕಟ್ಲರ್ ತಾವೇ ಹುಡುಗನಾಗಿದ್ದಾಗ ಅದರ ಏಟು ತಿಂದವರು. ಗ್ಲಾಸ್ಗೋ ಪಕ್ಕದ ಪೇಸ್ಲಿ ಊರಿನ ಶಾಲೆ ಬಿಡುವಾಗ ತಮ್ಮ ಪಟ್ಟಿಯನ್ನು ತುಂಡು ತುಂಡು ಕತ್ತರಿಸಿ ಮಕ್ಕಳಿಗೇ ಹಂಚಿಬಿಟ್ಟರು. ನನ್ನ ಪ್ರಕಾರ ಅವರು ಬರೆದದ್ದಕ್ಕೆಲ್ಲ ಬೇರು ಇಲ್ಲೇ ಇದೆ. ದೊಡ್ಡವರ ಅಧಿಕಾರಕ್ಕೆ ಹೆದರದೆ, ಕೂಗಾಡದೆ, ಅದನ್ನು ಸಣ್ಣ ಸಣ್ಣ ಚೂರು ಮಾಡುವುದು.

ಇದು ಗೋವನ್ ಹಳೇ ಚರ್ಚು. ಒಳಗೆ ವೈಕಿಂಗರ ಕಾಲದ ಸಮಾಧಿ ಕಲ್ಲುಗಳಿವೆ, ಹಂದಿ ಬೆನ್ನಿನಂತೆ ಉಬ್ಬಿದವು. ಸಾವಿರ ವರ್ಷ ಹಳೆಯವು. ಕಟ್ಲರ್‌ಗೂ ಇದಕ್ಕೂ ಸಂಬಂಧ ಇಲ್ಲ, ಮಳೆ ಬಂತು ಅಂತ ಒಳಗೆ ಹೋದೆ. ಆದರೆ ಗ್ಲಾಸ್ಗೋಗೆ ಬಂದರೆ ತಪ್ಪಿಸಬೇಡಿ. ಊರ ಮಧ್ಯದ ಅಂಗಡಿ ಬೀದಿಗಳಿಗಿಂತ ಸಾವಿರ ಪಾಲು ಮೇಲು.

ಹಾಂ, ಇದೇ ನನ್ನ ಹಾರ್ಮೋನಿಯಂ. ಇದರ ಕಥೆ ಹೇಳಲೇಬೇಕು.

ಕಟ್ಲರ್ ನುಡಿಸುತ್ತಿದ್ದದ್ದು ಕಾಲಲ್ಲಿ ತುಳಿಯುವಂಥದ್ದು. ನಮ್ಮ ಕಂಪನಿ ನಾಟಕದವರು ಕಾಲು ಹಾರ್ಮೋನಿಯಂ ಅನ್ನುತ್ತಿದ್ದರಲ್ಲ, ಆ ಜಾತಿ. ನನಗೂ ಒಂದು ಬೇಕಿತ್ತು. ಒಬ್ಬರು ಹಳೇದನ್ನು 60 ಪೌಂಡಿಗೆ ಕೊಟ್ಟರು. ನ್ಯಾಯವಾದ ಬೆಲೆ. ತರಲು ವ್ಯಾನಿಗೆ 45 ಪೌಂಡ್ ಅಂತ ಮಾತಾಯಿತು. ಮೂರನೇ ಮಹಡಿ, ಲಿಫ್ಟ್ ಇಲ್ಲ ಅಂತ ನಾನು ಬರೆದೇ ತಿಳಿಸಿದ್ದೆ. ಸರಿ ಅಂತ ಉತ್ತರವೂ ಬಂದಿತ್ತು. ವ್ಯಾನ್ ಬಂತು. ಡ್ರೈವರ್ ಇಳಿದು ಮೆಟ್ಟಿಲು ನೋಡಿ, ಒಂದೊಂದು ಮಹಡಿಗೂ 30 ಪೌಂಡ್ ಬೇರೆ ಅಂದ. ಬರೆದದ್ದನ್ನು ತೋರಿಸಿದೆ. ಅದು ಆಫೀಸಿನವರು ಹೇಳಿದ್ದು, ಹೊರುವವನು ನಾನು ಅಂದ. ವಾದ್ಯಕ್ಕಿಂತ ಮೆಟ್ಟಿಲಿಗೇ ಜಾಸ್ತಿ ದುಡ್ಡು! ಆಗಲ್ಲ ಅಂದೆ. ಬಾಗಿಲ ಒಳಗೆ ಇಳಿಸಿ ಹೊರಟೇಬಿಟ್ಟ. 45 ಪೌಂಡ್ ಮೊದಲೇ ಕಟ್ಟಿಸಿಕೊಂಡಿದ್ದರು, ಒಂದು ಪೈಸೆ ವಾಪಸ್ ಬರಲಿಲ್ಲ.

ಇಲ್ಲಿಯ ಹಳೇ ಕಟ್ಟಡಗಳಲ್ಲಿ ಎಲ್ಲ ಮನೆಗೂ ಒಂದೇ ಕಲ್ಲಿನ ಮೆಟ್ಟಿಲು. ಅದನ್ನು ಕ್ಲೋಸ್ ಅನ್ನುತ್ತಾರೆ. ಬೆಂಕಿ ಬಿದ್ದರೆ ಓಡಲು ದಾರಿ ಬೇಕು, ಅಲ್ಲಿ ಏನೂ ಇಡುವಂತಿಲ್ಲ. ಕಟ್ಟಡ ನೋಡಿಕೊಳ್ಳುವವರಿಂದ ಮಾರನೇ ದಿನವೇ ಮೇಲ್ ಬಂತು, ತೆಗೆಯಿರಿ ಅಂತ. ಮೆಟ್ಟಿಲ ಬಲ್ಬ್ ಕೆಟ್ಟಾಗ ವಾರಗಟ್ಟಲೆ ಈ ಕಡೆ ತಲೆ ಹಾಕದವರು ಇದಕ್ಕೆ ಒಂದೇ ದಿನದಲ್ಲಿ ಉತ್ತರ ಕೇಳಿದರು. ನನಗೆ ಇವತ್ತಿಗೂ ಕೋಪ ಇಳಿದಿಲ್ಲ. ಕೊನೆಗೆ ಕೆಳಮನೆಯ ಅಜ್ಜ, ಅವರ ಮೊಮ್ಮಗ, ನಾನು ಸೇರಿ ಹೊತ್ತೆವು. ತಿರುವಿನಲ್ಲಿ ಪೆಡಲ್ ಗೋಡೆಗೆ ಸಿಕ್ಕಿಕೊಂಡಿತು, ಸ್ಕ್ರೂ ಬಿಚ್ಚಿ ತೆಗೆಯಬೇಕಾಯಿತು. ಅಜ್ಜ ದುಡ್ಡು ಮುಟ್ಟಲಿಲ್ಲ. ಅವರಿಗೆ ಚಿತ್ರಾನ್ನ ಮಾಡಿ ಕೊಟ್ಟೆ, ಪಾತ್ರೆ ತೊಳೆದು ವಾಪಸ್ ತಂದರು. ಅಂಥವರು ಪಕ್ಕದಲ್ಲಿರಬೇಕು.

ಅಯ್ಯೋ, ಈ ಶಾಟ್ ಮುಗಿಯುತ್ತಾ ಬಂತು.

ಕಾಲು ಹಾರ್ಮೋನಿಯಂನಲ್ಲಿ ತುಳಿತ ನಿಂತರೆ ಸ್ವರ ಸಾಯುತ್ತದೆ. ತಿದಿಯ ಗಾಳಿ ಲೋಹದ ನಾಲಗೆಯನ್ನು ಅಲುಗಿಸಿದರೇ ಸದ್ದು. ಹಾಗಾಗಿ ಹಾಡುವವರ ಉಸಿರಿಗೂ ಕಾಲಿಗೂ ಒಂದೇ ಲೆಕ್ಕ. ಕಟ್ಲರ್ ಸಾಲುಗಳು ಯಾಕೆ ಅಷ್ಟು ನಿಧಾನ, ಯಾಕೆ ಅಲ್ಲಲ್ಲಿ ನಿಲ್ಲುತ್ತವೆ ಅಂತ ಇದನ್ನು ತುಳಿದ ಮೇಲೆ ನನಗೆ ಗೊತ್ತಾಯಿತು. ಬೇರು ಶಾಲೆಯಲ್ಲಿದೆ ಅಂದೆನಲ್ಲ ಆಗಲೇ, ಈಗ ಅನ್ನಿಸುತ್ತಿದೆ, ಅರ್ಧ ಬೇರು ಈ ಪೆಟ್ಟಿಗೆಯಲ್ಲಿದೆ.

ಇನ್ನೊಂದು ವಿಷಯ ನನಗೆ ತುಂಬಾ ಕಾಡುತ್ತದೆ. ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. ಅದರಲ್ಲಿ ಗಮಕ ಬರಲ್ಲ, ಸ್ವರದಿಂದ ಸ್ವರಕ್ಕೆ ಜಾರಲು ಆಗಲ್ಲ ಅನ್ನುವುದು ಒಂದು ಕಾರಣ. ಆ ನಿಷೇಧ ಸಡಿಲವಾಗಿದ್ದು 1971ರಲ್ಲಿ. ನಮ್ಮೂರುಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು ಇಲ್ಲದೆ ನಾಟಕವೇ ಏಳುತ್ತಿರಲಿಲ್ಲ, ಆದರೆ ರೇಡಿಯೋದಲ್ಲಿ ಅವರ ಪೆಟ್ಟಿಗೆಗೆ ಜಾಗ ಇರಲಿಲ್ಲ. ಅದೇ ಹೊತ್ತಿನಲ್ಲಿ, 1959ರಲ್ಲಿ, ಇಲ್ಲಿ ಬಿಬಿಸಿ ರೇಡಿಯೋದಲ್ಲಿ ಕಟ್ಲರ್ ಹಾರ್ಮೋನಿಯಂ ಕೇಳಿಸತೊಡಗಿತು. ಜಾರದ, ಒಂದೇ ಸಮನೆ ಗುಂಯ್ ಅನ್ನುವ ಆ ಸ್ವರವೇ ಅವರಿಗೆ ಬೇಕಿದ್ದದ್ದು. ಅದರ ಮೇಲೆ ಮಾತನ್ನು ಇಡುತ್ತಿದ್ದರು.

ಆಗ ಅವರಿಗೆ 36 ವರ್ಷ. ಮುಂದೆ ಟಿವಿಯಲ್ಲಿ ಅವರನ್ನು ನೋಡಿದ, ಬೀಟಲ್ಸ್ ಹಾಡುಗಾರರ ತಂಡದ ಪಾಲ್ ಮೆಕಾರ್ಟ್ನಿ 1967ರ ಬೀಟಲ್ಸ್ ಚಿತ್ರದಲ್ಲಿ ಪಾತ್ರ ಮಾಡಲು ಕರೆದರು. ಅದೇ ವರ್ಷ, ಬೀಟಲ್ಸ್ ರೆಕಾರ್ಡುಗಳ ನಿರ್ಮಾಪಕ ಜಾರ್ಜ್ ಮಾರ್ಟಿನ್, ಕಟ್ಲರ್ ಅವರ ರೆಕಾರ್ಡ್ ಮಾಡಿಸಿದರು. 1974ರಲ್ಲಿ ರಾಕ್ ಹಾಡುಗಾರ ರಾಬರ್ಟ್ ವ್ಯಾಟ್ ಅವರ ರೆಕಾರ್ಡಿನಲ್ಲೂ ಕಟ್ಲರ್ ದನಿ ಇದೆ. ಬಿಬಿಸಿಯಲ್ಲಿ ರಾಕ್ ಸಂಗೀತ ಕೇಳಿಸುತ್ತಿದ್ದ ಜಾನ್ ಪೀಲ್ ಅವರ ರೇಡಿಯೋ ಕಾರ್ಯಕ್ರಮಕ್ಕೆ ಮತ್ತೆ ಮತ್ತೆ ಹೋಗಿ ಹಾಡಿದರು. ರಾಕ್ ಕೇಳುವ ಹುಡುಗರು ಅಜ್ಜನ ವಯಸ್ಸಿನವರ ಕವಿತೆಗೆ ಕಿವಿಕೊಟ್ಟರು.

ಆದರೂ 1980ರವರೆಗೆ ಲಂಡನ್ನಿನ ಶಾಲೆಗಳಲ್ಲಿ ಪಾಠ ಮಾಡುತ್ತಲೇ ಇದ್ದರು. ಏಳರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಸಂಗೀತ, ಕುಣಿತ, ನಾಟಕ, ಕವಿತೆ. ಬೀಟಲ್ಸ್ ಕರೆದ ಮೇಲೂ! ಕಲೆಗಾಗಿ ಕೆಲಸ ಬಿಡಿ ಅಂತ ಉಪದೇಶ ಮಾಡುವ ವಿಡಿಯೋಗಳು ನನಗೆ ಸ್ವಲ್ಪವೂ ಇಷ್ಟವಿಲ್ಲ. ಸಂಬಳ ಶಾಲೆ ಕೊಡುತ್ತಿತ್ತು, ಹಾಗಾಗಿ ಯಾರಿಗೂ ಬೇಕಾದಂತೆ ಬರೆಯುವ ಗರಜು ಇವರಿಗಿರಲಿಲ್ಲ. ಮಕ್ಕಳ ಮಾತಿನ ಧಾಟಿ ಕಿವಿಯಲ್ಲೇ ಇತ್ತು. ಕೇಳಿ ನೋಡಿ, ಅವರ ಕವಿತೆಯಲ್ಲಿ ಮುದ್ದು ಮಾಡುವ ದನಿ ಇಲ್ಲವೇ ಇಲ್ಲ. ಮಕ್ಕಳ ಜೊತೆ ನಿಜವಾಗಿ ದಿನ ಕಳೆದವರು ಮುದ್ದು ಮಾಡುತ್ತಾ ಕೂರುವುದಿಲ್ಲ.

ವೇದಿಕೆ ಬಿಟ್ಟಿದ್ದು 2004ರಲ್ಲಿ, ಎಂಬತ್ತು ದಾಟಿದ ಮೇಲೆ. ತೀರಿಕೊಂಡದ್ದು 2006ರ ಮಾರ್ಚ್ 3, ಲಂಡನ್ನಿನಲ್ಲಿ.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ, ಬೀಟಲ್ಸ್ ಚಿತ್ರದಿಂದ ಬೇಡ. ಅದರಲ್ಲಿ ಅವರ ಕವಿತೆಯೇ ಇಲ್ಲ. 1978ರ ರೆಕಾರ್ಡ್ ತೆಗೆದುಕೊಳ್ಳಿ, ಗ್ಲಾಸ್ಗೋ ಬಾಲ್ಯದ ಕಥೆಗಳು ಇರುವುದು. ಒಂದು ಬಡ ಮನೆಯ ಕೋಣೆ, ಅಪ್ಪ, ಅಮ್ಮ, ಮಕ್ಕಳು, ಊಟಕ್ಕೆ ಹೆರ್ರಿಂಗ್ ಮೀನು. ಇಂಗ್ಲಿಷ್ ಕಷ್ಟ ಅನ್ನಿಸಿದರೆ ಮೊದಲು ಅರ್ಥಕ್ಕೆ ಹೋಗಬೇಡಿ, ಸುಮ್ನೆ ದನಿ ಕೇಳಿ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ, ಸೌಂಡ್ ಮಾತ್ರ ಜಾಸ್ತಿ ಮಾಡಬೇಡಿ.